ತಾಮ್ರ, ಕ್ಲೋರಿನ್ ಮತ್ತು ನಮ್ಮ ಬಚ್ಚಲೊಲೆ
(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ನಾನು ಹೇಳಹೊರಟಿರುವುದು ಪ್ರಯೋಗಶಾಲೆಯ ಒಂದು ವಿದ್ಯಮಾನವನ್ನು. ಆದರೆ ಅದರ ಇನ್ನೊಂದು ತುದಿ ನಮ್ಮ ಬಚ್ಚಲೊಲೆಯಲ್ಲಿದೆ.

ಇಂಗಾಲದ ಆರು ಪರಮಾಣುಗಳ ಉಂಗುರಕ್ಕೆ ಆಮ್ಲಜನಕ ಮತ್ತು ಜಲಜನಕದ ಜೋಡಿಯೊಂದು ಅಂಟಿಕೊಂಡಿರುವ ಅಣುವೇ ಫೀನಾಲ್. ಕಟ್ಟಿಗೆಯ ಹೊಗೆಯ ಘಾಟಿನಲ್ಲಿ ಇದರ ಬಳಗವಿದೆ. ಇಂತಹ ಉಂಗುರಗಳನ್ನು ಸರಪಳಿಯಾಗಿ ಪೋಣಿಸಿದರೆ ಪಾಲಿಮರ್ ದೊರೆಯುತ್ತದೆ. 1950ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಅಲನ್ ಹೇ ಅವರು ತಾಮ್ರದ ಲವಣವನ್ನು ವೇಗವರ್ಧಕವಾಗಿ ಬಳಸಿ, ದ್ರಾವಣದಲ್ಲಿ ಆಮ್ಲಜನಕವನ್ನು ಹಾಯಿಸಿ, ಶಾಖಕ್ಕೆ ಜಗ್ಗದ ಪ್ಲಾಸ್ಟಿಕ್ಕೊಂದನ್ನು ಪಡೆದರು.

ಕ್ಲೋರಿನ್ ಸೇರಿದ ಫೀನಾಲುಗಳಿಗೆ ಬೇರೆಯದೇ ದಾರಿಯುಂಟು. ತುರ್ಕಿಯ ಅಂಕಾರಾ ನಗರದ ಮಧ್ಯಪ್ರಾಚ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ ತಾಮ್ರ, ಟ್ರೈಕ್ಲೋರೋಫೀನಾಲ್ ಮತ್ತು ಪಿರಿಡಿನ್‌ನಂತಹ ಅಣುಗಳು ಕೂಡಿದ ಸಂಕೀರ್ಣದ ಹುಡಿಯನ್ನು ದ್ರಾವಕವಿಲ್ಲದೆ, ಘನರೂಪದಲ್ಲಿಯೇ ಕಾಯಿಸಿ ಪಾಲಿಮರ್ ತಯಾರಿಸಿದರು. ಕಾವೇರಿದಂತೆ ತಾಮ್ರವು ಫೀನಾಲಿನ ಆಮ್ಲಜನಕದಿಂದ ಒಂದು ಎಲೆಕ್ಟ್ರಾನನ್ನು ಸೆಳೆದುಕೊಳ್ಳುತ್ತದೆ. ಹೀಗೆ ಚುರುಕಾದ ಆಮ್ಲಜನಕವು ಪಕ್ಕದ ಉಂಗುರಕ್ಕೆ ಕೈಚಾಚಿ ಅಲ್ಲಿನ ಕ್ಲೋರಿನನ್ನು ಹೊರದೂಡುತ್ತದೆ. ಹೊರಬಿದ್ದ ಕ್ಲೋರಿನ್ ಲೋಹದೊಡನೆ ಕೂಡಿ ಲವಣವಾಗುತ್ತದೆ. ಉಂಗುರಗಳ ಸರಪಳಿ ಬೆಳೆಯುತ್ತದೆ.

ಇಲ್ಲಿಯೇ ಒಂದು ಕವಲುದಾರಿಯಿದೆ. ಉಂಗುರದಿಂದ ಉಂಗುರಕ್ಕೆ ಒಂದೊಂದೇ ಆಮ್ಲಜನಕದ ಸೇತುವೆಯಾದರೆ ಪಾಲಿಮರ್. ಎರಡೇ ಉಂಗುರಗಳ ನಡುವೆ ಎರಡು ಸೇತುವೆಗಳು ಬಿದ್ದು ಕೊಂಡಿ ಮುಚ್ಚಿಕೊಂಡರೆ ಡಯಾಕ್ಸಿನ್! 1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿ ಟ್ರೈಕ್ಲೋರೋಫೀನಾಲ್ ತಯಾರಿಸುತ್ತಿದ್ದ ಕಾರ್ಖಾನೆಯಿಂದ ಹೊರಚಿಮ್ಮಿದ್ದು ಈ ವರ್ಗದಲ್ಲೇ ಅತ್ಯಂತ ಘೋರವಾದ ವಿಷ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿತು.

ಪ್ರಯೋಗಶಾಲೆಯಲ್ಲಿ ಉಷ್ಣತೆ, ಪ್ರಮಾಣ, ಕಾಲ ಎಲ್ಲವೂ ವಿಜ್ಞಾನಿಯ ಹತೋಟಿಯಲ್ಲಿರುತ್ತವೆ. ಬಚ್ಚಲೊಲೆಯಲ್ಲಿ ಯಾವುದೂ ನಮ್ಮ ಹತೋಟಿಯಲ್ಲಿಲ್ಲ. ತಾಮ್ರವನ್ನು ಗುಜರಿಗೆ ಮಾರಲೆಂದು ಹಳೆಯ ವೈರುಗಳನ್ನು ಬೆಂಕಿಗೆ ಹಾಕುವುದು ನಮ್ಮೂರುಗಳಲ್ಲಿ ಅಪರೂಪವಲ್ಲ. ವೈರಿನ ಪಿ.ವಿ.ಸಿ. ಹೊದಿಕೆಯ ಮೂಲವಸ್ತುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕ್ಲೋರಿನ್. ಕಟ್ಟಿಗೆ ಫೀನಾಲುಗಳನ್ನೂ ಮಸಿಯನ್ನೂ ಒದಗಿಸುತ್ತದೆ. ತಾಮ್ರವಂತೂ ಅಲ್ಲಿಯೇ ಇದೆ. ಹೊಗೆ ತಣಿಯುತ್ತ 400ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಾಗ ಈ ಮೂರೂ ಕೂಡಿ ಡಯಾಕ್ಸಿನ್ ಹುಟ್ಟುತ್ತದೆ.

ಅಡಿಕೆ ಬೆಳೆಗಾರರು ಇನ್ನೊಂದು ಮಾತನ್ನು ಗಮನಿಸಬೇಕು. ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣದ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಅದು ಬೆಳೆಯನ್ನು ಕಾಯುವ ಔಷಧ, ಅದನ್ನು ನಾನು ದೂರುವುದಿಲ್ಲ. ಆದರೆ ಔಷಧ ಬಿದ್ದ ಸೋಗೆ, ಹಾಳೆಗಳೊಡನೆ ಪಿ.ವಿ.ಸಿ. ಪೈಪಿನ ಚೂರುಗಳನ್ನು ಸುಟ್ಟರೆ, ವೈರು ಇಲ್ಲದೆಯೂ ತಾಮ್ರ ಮತ್ತು ಕ್ಲೋರಿನ್ ಒಂದೇ ಬೆಂಕಿಯಲ್ಲಿ ಸೇರುತ್ತವೆ.

ಡಯಾಕ್ಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಮಸಿ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲು ಹಸುವಿನ ಹೊಟ್ಟೆಗೆ, ಅಲ್ಲಿಂದ ಹಾಲಿಗೆ, ಕೊನೆಗೆ ಮಗುವಿನ ಬಟ್ಟಲಿಗೆ. ಮನುಷ್ಯದೇಹದಲ್ಲಿ ಅದು ಅರ್ಧಕ್ಕಿಳಿಯಲು ವರ್ಷಗಳೇ ಬೇಕು. ಒಲೆಯ ಬೂದಿ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ ಹೋಗುವುದನ್ನೂ ಮರೆಯಬಾರದು.

2001ರ ಸ್ಟಾಕ್‌ಹೋಮ್ ಒಪ್ಪಂದವು ತಾಮ್ರದ ಕೇಬಲುಗಳನ್ನು ಸುಡುವುದನ್ನು ಡಯಾಕ್ಸಿನ್ನಿನ ಮೂಲಗಳಲ್ಲಿ ಹೆಸರಿಸಿಯೇ ಸೇರಿಸಿದೆ. ಭಾರತವು 2006ರಲ್ಲಿ ಇದನ್ನು ಅನುಮೋದಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ನಿಷೇಧಿಸಿತು. ಆದರೆ ನಮ್ಮ ಬಚ್ಚಲಿಗೆ ಬಂದು ನೋಡುವ ಅಧಿಕಾರಿ ಯಾರಿದ್ದಾರೆ? ಕಾಯುವವರು ನಾವೇ ಆಗಬೇಕು.

ಮಾಡಬೇಕಾದದ್ದು ಕಠಿಣವಲ್ಲ. ವೈರಿನ ಹೊದಿಕೆಯನ್ನು ಚಾಕುವಿನಿಂದ ಸೀಳಿ ತೆಗೆಯಿರಿ, ಇಲ್ಲವೇ ಹೊದಿಕೆ ಸಹಿತ ಮಾರಿರಿ. ನಾಲ್ಕು ಕಾಸು ಕಡಿಮೆ ಬಂದೀತು, ಅಷ್ಟೆ. ಪೈಪಿನ ತುಂಡುಗಳನ್ನು ಬೇರೆಯಾಗಿ ಕೂಡಿಟ್ಟು ಗುಜರಿಗೆ ಕೊಡಿ. ಒಲೆಗೆ ಕಟ್ಟಿಗೆ, ಸೋಗೆ, ಕರಟಗಳೇ ಸಾಕು. ವಿದ್ಯಾರ್ಥಿಗಳು ತಮ್ಮ ಮನೆಯ ಒಲೆಗೆ ಏನೇನು ಬೀಳುತ್ತಿದೆಯೆಂದು ಒಂದು ವಾರ ಬರೆದಿಡಲಿ. ಮುಂದಿನ ಸಭೆಯಲ್ಲಿ ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಮಾತನಾಡೋಣ.