ಮನೆಬಾಗಿಲಿಗೆ ಬರುವ ಆರೈಕೆ: ಉಪಕಾರವಲ್ಲ, ಹಕ್ಕು



ಎರ್ನಾಕುಳದ ಒಂದು ಫ್ಲ್ಯಾಟನ್ನು ಕಲ್ಪಿಸಿಕೊಳ್ಳಿ. ಉಡುಪಿ ಕಡೆಯ ಅಮ್ಮ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಕ್ಯಾನ್ಸರ್. ಪ್ಯಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ನೋವು ಹೇಗಿದೆ ಎಂದು ಅವರು ಕೇಳುವುದು ಮಗನನ್ನು. "ಪರವಾಗಿಲ್ಲ ಸಿಸ್ಟರ್" ಎನ್ನುವುದೂ ಮಗನೇ. ಅಮ್ಮನಿಗೆ ಮಲಯಾಳ ಬಾರದೆಂದು ಎಲ್ಲರ ನಂಬಿಕೆ. ಆದರೆ ಹಾಸಿಗೆಯ ಪಕ್ಕ ಕುಳಿತು "ವೇದನ ಉಂಡೋ ಅಮ್ಮೇ?" ಎಂದು ಕೇಳಿದ್ದರೆ ಅವರಿಗೆ ತಿಳಿಯದೆ ಇರುತ್ತಿತ್ತೆ? ವೇದನೆ ಉಂಟೋ ಎಂಬುದು ನಮ್ಮ ಕರಾವಳಿಯ ಮಾತೇ ಅಲ್ಲವೆ?

ಈ ವಿಷಯದಲ್ಲಿ ಕೇರಳ ದೇಶಕ್ಕೇ ದಾರಿ ತೋರಿದೆ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಆರಂಭಿಸಿದ ಸಣ್ಣ ಪ್ರಯತ್ನ ಊರೂರಿಗೆ ಹಬ್ಬಿತು. 2003ರಲ್ಲಿ ತಿರುವನಂತಪುರದಲ್ಲಿ ಪ್ಯಾಲಿಯಂ ಇಂಡಿಯಾ ಹುಟ್ಟಿತು. 2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್ ಆರೈಕೆಗೆಂದೇ ನೀತಿ ಪ್ರಕಟಿಸಿತು. ಭಾರತದಲ್ಲಿ ಇದೇ ಮೊದಲು. ಇಂದು ಪಂಚಾಯಿತಿ, ನಗರಸಭೆ, ಕಾರ್ಪೊರೇಷನ್‌ಗಳ ಯೋಜನಾ ಹಣದಿಂದಲೇ ನರ್ಸ್ ಮನೆಮನೆಗೆ ಬರುತ್ತಾರೆ, ಜೊತೆಗೆ ವಾರ್ಡಿನ ಆಶಾ ಕಾರ್ಯಕರ್ತೆ, ಸ್ವಯಂಸೇವಕರು.

ತೊಡಕು ಇರುವುದು ಇಲ್ಲೇ. ಉಚಿತವಾಗಿ, ಪ್ರೀತಿಯಿಂದ ಬಂದವರ ಎದುರು ಬಾಯಿ ತೆರೆಯಲು ನಮಗೆ ಸಂಕೋಚ. "ಅವರು ಬರುವುದೇ ದೊಡ್ಡದು" ಎಂದು ಸುಮ್ಮನಾಗುತ್ತೇವೆ. ಕೃತಜ್ಞತೆ ಇರಲಿ, ಆದರೆ ಅದು ಹಕ್ಕನ್ನು ನುಂಗಬಾರದು.

ಯಾವುವು ಆ ಹಕ್ಕುಗಳು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಕಾಯಿಲೆ ಏನು, ಔಷಧ ಯಾವುದು ಎಂದು ತಿಳಿಯುವುದು, ಚಿಕಿತ್ಸೆಗೆ ಒಪ್ಪುವುದು ಅಥವಾ ಬೇಡವೆನ್ನುವುದು, ಖಾಸಗಿ ವಿಷಯ ಗುಟ್ಟಾಗಿ ಉಳಿಯುವುದು ಇವುಗಳಲ್ಲಿ ಮುಖ್ಯ. ಮಗನ ಒಪ್ಪಿಗೆ ಅಮ್ಮನ ಒಪ್ಪಿಗೆಯಲ್ಲ.

ನೋವನ್ನು ಸಹಿಸಲೇಬೇಕೆಂಬ ನಿಯಮವೂ ಇಲ್ಲ. ಮಾರ್ಫಿನ್ ಹೆಸರು ಕೇಳಿದರೆ ಮನೆಯವರು ಹೆದರುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಸುರಕ್ಷಿತ ಔಷಧ. ಅದು ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಯಿತು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆಯೇ ಬಾಳುವ ಹಕ್ಕು ಕೊಡುತ್ತದೆ. ಮನೆಯವರು ಕರೆದೊಯ್ಯಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಮುಂದೆ ಮಾತು ನಿಂತಾಗ ಕೃತಕ ಉಸಿರಾಟ ಬೇಕೋ ಬೇಡವೋ ಎಂದು ಈಗಲೇ ಬರೆದಿಡಲೂ ಅವಕಾಶವಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು ಹಾಗೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಸೇವೆಯಲ್ಲಿ ಕೊರತೆ ಕಂಡರೆ ಮೊದಲು ನರ್ಸ್‌ಗೆ ಹೇಳಿ, ಬಳಿಕ ವಾರ್ಡ್ ಸದಸ್ಯರಿಗೆ. ಅದಕ್ಕೂ ಮಣಿಯದಿದ್ದರೆ ದೂರು ಬರೆಯಿರಿ. ಮಲಯಾಳ ಬರೆಯಲು ಬಾರದೆಂಬ ಚಿಂತೆ ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕಾಸರಗೋಡು ಕೇರಳದಲ್ಲಿದೆ, ಕನ್ನಡ ಈ ರಾಜ್ಯದ ಭಾಷೆಯೂ ಹೌದು.

ಕೊನೆಗೊಂದು ಕೋರಿಕೆ. ಮುಂದಿನ ಬಾರಿ ನರ್ಸ್ ಬಂದಾಗ ನೀವು ಉತ್ತರಿಸಬೇಡಿ. ಕುರ್ಚಿಯನ್ನು ಅಮ್ಮನ ಹಾಸಿಗೆಯ ಹತ್ತಿರ ಎಳೆದುಕೊಡಿ. ಅವರು ಮಾತಾಡಲಿ, ನೀವು ಭಾಷಾಂತರಿಸಿ. ಅವರು ಹೇಳಿದ್ದನ್ನಷ್ಟೇ ಹೇಳಿ.