ಪೊರೆ ಬಲಿಯಲಿ ಎನ್ನುವ ಮಾತು

ಚೆನ್ನೈನ ಪಲ್ಲಾವರಂನವರಿಗೆ ಕಣ್ಣಿನ ವೈದ್ಯರು ದೂರವೇನಲ್ಲ. ಪಕ್ಕದ ಪಮ್ಮಲ್‌ನಲ್ಲೇ ಶಂಕರ ಕಣ್ಣಾಸ್ಪತ್ರೆಯಿದೆ. ಲೋಕಲ್ ರೈಲು ಹತ್ತಿದರೆ ಎಗ್ಮೋರ್‌ನಲ್ಲಿ 1819ರಷ್ಟು ಹಿಂದೆಯೇ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ. ಆದರೂ ಕಣ್ಣು ಮಂಜಾದಾಗ ಹಿರಿಯರ ಬಾಯಲ್ಲಿ ಬರುವುದು ಹಳೆಯ ಮಾತೇ: ಪೊರೆ ಇರಬೇಕು, ಬಲಿಯಲಿ, ಆಮೇಲೆ ತೋರಿಸೋಣ. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಸಾವಿರಾರು ಜನರ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಅದು ವಿವೇಕದ ಮಾತೇ ಆಗಿತ್ತು. ಆಗ ಕಣ್ಣಿನ ಮಸೂರವನ್ನು ತೆಗೆದರೆ ಅದರ ಜಾಗಕ್ಕೆ ಇಡಲು ಬೇರೆ ಮಸೂರ ಸಿಗುತ್ತಿರಲಿಲ್ಲ. ಸೋಡಾಬುಡ್ಡಿ ಕನ್ನಡಕವೇ ಗತಿ. ಅರ್ಧ ಕಾಣುತ್ತಿದ್ದವರಿಗೆ ಅದರಿಂದ ನಷ್ಟವೇ ಹೆಚ್ಚು. ಕೃತಕ ಮಸೂರವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ 1949ರಲ್ಲೇ ಕೂರಿಸಿದ್ದರೂ, ಮದುರೆಯಲ್ಲಿ 1992ರಲ್ಲಿ ಅರೋಲ್ಯಾಬ್ ಆರಂಭವಾಗಿ ಅಗ್ಗದ ಮಸೂರ ತಯಾರಾದ ಮೇಲೆಯೇ ಅದು ನಮ್ಮ ಬಡವರ ಕಣ್ಣಿಗೂ ಎಟುಕಿತು. ಈಗ ಕಾಯುವುದರಿಂದ ಲಾಭವಿಲ್ಲ. ತೀರ ಬಲಿತ ಪೊರೆ ಗಟ್ಟಿಯಾಗುತ್ತದೆ, ತೆಗೆಯುವುದೂ ಕಷ್ಟ.

ಇಷ್ಟೇ ಆಗಿದ್ದರೆ ತಡವಾದರೂ ಚಿಂತೆಯಿರಲಿಲ್ಲ, ಪೊರೆ ಕಸಿದ ನೋಟ ಸಾಮಾನ್ಯವಾಗಿ ಮರಳಿ ಬರುತ್ತದೆ. ಆದರೆ ಕನ್ನಡಿಯ ಮುಂದೆ ನಿಂತು, ಇದು ಪೊರೆಯೇ ಎಂದು ತೀರ್ಮಾನಿಸುವವರು ಯಾರು? ಅದು ಗ್ಲುಕೋಮಾ ಎಂಬ ರೋಗವೂ ಆಗಿರಬಹುದು. ಅದರಲ್ಲಿ ದೃಷ್ಟಿನರ ಸವೆಯುತ್ತದೆ. ಸಾಮಾನ್ಯ ಬಗೆಯದರಲ್ಲಿ ನೋವಿಲ್ಲ, ಕೆಂಪಿಲ್ಲ. ಬದಿಯ ನೋಟ ಮೊದಲು ಹೋಗುವುದರಿಂದ ಪತ್ರಿಕೆ ಓದಲು ಬರುತ್ತಿರುತ್ತದೆ, ಜಿ.ಎಸ್.ಟಿ. ರಸ್ತೆ ದಾಟುವಾಗ ಪಕ್ಕದಿಂದ ಬರುವ ಬಸ್ಸು ಮಾತ್ರ ಕಾಣುವುದಿಲ್ಲ. ಚೆನ್ನೈ ಗ್ಲುಕೋಮಾ ಅಧ್ಯಯನದಲ್ಲಿ ಈ ರೋಗ ಪತ್ತೆಯಾದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಅದು ತಮಗಿದೆಯೆಂದೇ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆಯೂ ಹಾಗೆಯೇ, ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಲೇಸರ್, ಚುಚ್ಚುಮದ್ದುಗಳಿಂದ ಹೆಚ್ಚು ಫಲ ಸಿಗುವುದು ಬೇಗ ಹೋದವರಿಗೆ.

ಕನ್ನಡಕದ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇವಲ್ಲ ಎನ್ನಬಹುದು. ಅಲ್ಲಿ ಅಳೆಯುವುದು ಚಾಳೀಸಿನ ನಂಬರು. ಕಣ್ಣಿನ ಒತ್ತಡ ಅಳೆದರೂ ಸಾಲದು. ಒತ್ತಡ ಸರಿಯಿದ್ದೂ ನರ ಸವೆಯುವವರಿದ್ದಾರೆ, ಆದ್ದರಿಂದ ನರವನ್ನೇ ನೋಡಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಗ್ಲುಕೋಮಾದ ಹನಿ ಎಷ್ಟು ದಿನ ಹಾಕಿದರೂ ನೋಟ ಹೆಚ್ಚುವುದಿಲ್ಲ, ಮತ್ತೇಕೆ ದುಡ್ಡು ಸುರಿಯಬೇಕು? ನೋಟ ಹೆಚ್ಚುವುದಿಲ್ಲವೆಂಬುದು ನಿಜ. ಹೋದದ್ದನ್ನು ತರುವ ಶಕ್ತಿ ಆ ಹನಿಗಿಲ್ಲ. ಒತ್ತಡ ಇಳಿಸಿ, ಉಳಿದ ನೋಟವನ್ನು ಕಾಯುವುದಷ್ಟೇ ಅದರ ಕೆಲಸ. ಫಲ ಕಣ್ಣಿಗೆ ಕಾಣದ ಔಷಧವನ್ನು ಬಿಡದೆ ಹಾಕುವುದು ಕಷ್ಟ, ರಕ್ತದೊತ್ತಡದ ಮಾತ್ರೆಯಂತೆಯೇ. ಒಡಹುಟ್ಟಿದವರಿಗೋ ತಂದೆತಾಯಿಗೋ ಗ್ಲುಕೋಮಾ ಇದ್ದವರು 40 ದಾಟಿದ ಮೇಲೆ ಕಾಯುವಂತಿಲ್ಲ. ಸಕ್ಕರೆ ಕಾಯಿಲೆಯವರಂತೂ ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ತೋರಿಸಬೇಕು. ಪರೀಕ್ಷೆಗಾಗಿ ಪಾಪೆ ಅರಳಿಸುವ ಹನಿ ಹಾಕಿದರೆ ಕೆಲವು ಗಂಟೆ ಎಲ್ಲವೂ ಮಸುಕು. ಅಂದು ಸ್ಕೂಟರು ಮನೆಯಲ್ಲೇ ಇರಲಿ, ಜೊತೆಗೆ ಒಬ್ಬರಿರಲಿ.