ಚೆಂದದ ಬಳ್ಳಿಗೂ ಚಾಟ್ನಿ ಬೇಕು

(ಸಂಘದ ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಂದು ಸಂಘ ಇಪ್ಪತ್ತೈದು ವರುಷ ನಡೆಯುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ನಮ್ಮೂರಿಗೂ ಬಂದು ಮುಟ್ಟಿತು. ಷೇರು, ಠೇವಣಿ, ಸಾಲ, ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿ ಹೇಳಿದ್ದಾರೆ. ನಾವು ಹೇಳಬೇಕೆಂದಿರುವುದು ಗೋದಾಮಿನ ಬೇಲಿಗೆ ನಾವೇ ಹಚ್ಚಿದ ಒಂದು ಹೂಬಳ್ಳಿಯ ಕಥೆ. ಇಂಥ ದಿನ ಬಳ್ಳಿಯ ಮಾತೇಕೆ ಅಂತ ಕೆಲವರು ನಗಬಹುದು. ಆದರೆ ಸಂಘದ ಠರಾವು ಬುಕ್ಕಿನಲ್ಲಿ ಈ ಬಳ್ಳಿಯ ಮೇಲೆ ಎರಡು ಠರಾವು ಅದಾವ. ಒಂದು ಹಚ್ಚಲಿಕ್ಕೆ, ಇನ್ನೊಂದು ಕೀಳಲಿಕ್ಕೆ.

ಅದು 2011ರ ಮಳೆಗಾಲ. ಗೋದಾಮು ಹೊಸದು, ಸುತ್ತಲೂ ತಂತಿ ಬೇಲಿ, ಎಲ್ಲಾ ಬೋಳು ಬೋಳು. ಸಂಘದ ಕೆಲಸಕ್ಕೆ ಬಿಜಾಪುರಕ್ಕೆ ಹೋಗಿದ್ದೆವು. ಊರಿಗೆ ವಿಜಯಪುರ ಅಂತ ಹೆಸರಾದದ್ದು 2014ರಲ್ಲಿ. ಸ್ಟೇಷನ್ ರಸ್ತೆಯ ಒಂದು ಹಳೇ ಮನೆಯ ಕಂಪೌಂಡಿನ ಮೇಲೆ ಈ ಬಳ್ಳಿ ಕಂಡಿತು. ಮಿರಿಮಿರಿ ಮಿಂಚುವ ಎಲೆ, ಗಂಟೆಯಂಥ ತಿಳಿ ನೇರಳೆ ಹೂವು. ನೀರು ಹಾಕುವವರು ಯಾರೂ ಇಲ್ಲ, ಆದರೂ ಹಸಿರು. ಮನೆಯವರನ್ನು ಕೇಳಿದೆವು. "ಒಯ್ರಿ, ಇದಕ್ಕ ಆಡು ಸುದ್ದಾ ಬಾಯಿ ಹಾಕೂದಿಲ್ಲ" ಅಂದರು. ನಾವು ಅದನ್ನು ದೊಡ್ಡ ಗುಣ ಅಂತ ತಿಳಿದೆವು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಹೇಳುವ ಜನ ನಾವು. ಆಡೂ ಮುಟ್ಟದ ಸೊಪ್ಪು ಯಾವುದಪ್ಪಾ ಅಂತ ಒಬ್ಬರೂ ಕೇಳಲಿಲ್ಲ.

ನಾಲ್ಕು ಕಡ್ಡಿ ತಂದು ಹಚ್ಚಿದೆವು. ಎರಡು ವರುಷದಲ್ಲಿ ಬೇಲಿ ಮುಚ್ಚಿತು. ಮೂರನೇ ವರುಷ ಬದಿಯ ಬೇವಿನ ಮರ ಹತ್ತಿತು. ಬಂದವರೆಲ್ಲ ಹೂ ನೋಡಿ ಹೊಗಳಿದರು, ನಾವೂ ಹಿಗ್ಗಿದೆವು.

ಇದರ ಹೆಸರು ರಬ್ಬರ್ ಬಳ್ಳಿ. ಶಾಸ್ತ್ರದಲ್ಲಿ ಕ್ರಿಪ್ಟೋಸ್ಟೀಜಿಯಾ ಗ್ರಾಂಡಿಫ್ಲೋರಾ ಅಂತಾರೆ. ಮೂಲ ಊರು ಆಫ್ರಿಕದ ಹತ್ತಿರದ ಮಡಗಾಸ್ಕರ್ ದ್ವೀಪ. ಮುರಿದರೆ ಬಿಳಿ ಹಾಲು ಬರುತ್ತದೆ, ಆ ಹಾಲಿನಲ್ಲಿ ರಬ್ಬರ್ ಅಂಶವಿದೆ. ಎರಡನೇ ಮಹಾಯುದ್ಧದಲ್ಲಿ ಮಲಯದ ರಬ್ಬರ್ ತೋಟಗಳು ಜಪಾನಿನ ಕೈಗೆ ಹೋದಾಗ ಅಮೆರಿಕದವರು ಹೈಟಿ ದೇಶದಲ್ಲಿ ರೈತರ ಭೂಮಿ ತೆರವು ಮಾಡಿಸಿ ಇದನ್ನು ಹಚ್ಚಿಸಿದರು. ಬೇಕಾದಷ್ಟು ರಬ್ಬರ್ ಬರಲಿಲ್ಲ, 1944ರಲ್ಲಿ ಕೈಬಿಟ್ಟರು. ಭೂಮಿ ಹೋದದ್ದು ರೈತರದು.

ಆಸ್ಟ್ರೇಲಿಯದ ಕಥೆ ಇನ್ನೂ ಕೇಳುವಂಥದ್ದು. ಅಲ್ಲಿಯ ಕ್ವೀನ್ಸ್‌ಲ್ಯಾಂಡ್ ಪ್ರಾಂತಕ್ಕೆ 1875ರ ಸುಮಾರಿಗೆ ಇದನ್ನು ಚೆಂದಕ್ಕಂತ ತಂದರು, ನಾವು ತಂದಹಾಗೆ. ಅದು ಅಂಗಳ ದಾಟಿ ಹಳ್ಳ ಹಿಡಿಯಿತು, ಹಳ್ಳದಿಂದ ಹೊಳೆ ಹಿಡಿಯಿತು. ಏಳು ಲಕ್ಷ ಹೆಕ್ಟೇರಿಗೂ ಮಿಕ್ಕಿ ಹಬ್ಬಿತು. ದನಗಳಿಗೆ ನೀರಿನ ದಾರಿಯೇ ಬಂದಾಯಿತು. ಕೊನೆಗೆ ಮಡಗಾಸ್ಕರಿನಿಂದಲೇ ಈ ಬಳ್ಳಿಗೆ ಬೀಳುವ ತುಕ್ಕುರೋಗದ ಶಿಲೀಂಧ್ರ ತಂದು 1995ರಲ್ಲಿ ಬಿಟ್ಟರು. ಅದರಿಂದ ಬಳ್ಳಿಯ ಸೊಕ್ಕು ಇಳಿದಿದೆ, ಬಳ್ಳಿ ಹೋಗಿಲ್ಲ.

ಇಷ್ಟು ಹಬ್ಬುವುದು ಹೇಗೆ? ಕಾಯಿ ನೋಡ್ರಿ. ಎತ್ತಿನ ಕೋಡಿನ ಹಾಗೆ ಎರಡೆರಡು ಜೋಡಿ, ಗೇಣಿಗಿಂತ ಗಿಡ್ಡ. ಒಂದೊಂದರಲ್ಲಿ ನೂರಾರು ಬೀಜ. ಎಕ್ಕೆಯ ಬೀಜದಂತೆ ತುದಿಗೆ ರೇಷ್ಮೆ ಜುಟ್ಟು. ಕಾಯಿ ಒಡೆದರೆ ಗಾಳಿ ಒಯ್ಯುತ್ತದೆ, ಹಳ್ಳ ಬಂದರೆ ನೀರು ಒಯ್ಯುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತಿದ್ದ ನಾಡು ನಮ್ಮದು. ಆ ಡೋಣಿ ದಂಡೆಗೆ ಇಂಥ ಬೀಜ ಬಿತ್ತಿ ಕೂರುವುದು ತರವಲ್ಲ.

ಇನ್ನು ವಿಷದ ಮಾತು. ನಮಗೆ ಕಣಗಿಲೆ ಗೊತ್ತು. ಕಣಗಿಲೆ ತಿಂದ ದನದ ಗತಿಯೂ ಗೊತ್ತು. ಈ ಬಳ್ಳಿ ಅದರ ಬಳಗದ್ದೇ. ಇದರ ವಿಷ ನೇರ ಹೃದಯಕ್ಕೆ ಹೋಗುತ್ತದೆ, ಗುಂಡಿಗೆ ಬಡಿತ ಅಡ್ಡಾದಿಡ್ಡಿ ಆಗುತ್ತದೆ. ತಿಂದ ದನವನ್ನು ಓಡಿಸಿದರೆ, ದೂರ ನಡೆಸಿದರೆ, ಅಲ್ಲೇ ಬೀಳಬಹುದು.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 2016ರ ಬೇಸಿಗೆ ನೆನಪು ಮಾಡಿಕೊಳ್ರಿ. ಬರ. ಕಣಿಕೆ ಬಣವಿ ಖಾಲಿ, ಮೇವಿಗೆ ಹೊನ್ನಿನ ಬೆಲೆ. ಆಗ ಗೋದಾಮಿನ ಬಳ್ಳಿ ವಿದ್ಯುತ್ ತಂತಿ ಮುಟ್ಟಿತಂತ ಅದನ್ನು ಸವರಿಸಿದೆವು. ಸವರಿದ ಹಸಿರು ಕಂಟಿಯನ್ನು ಹಿಂದಿನ ಓಣಿಗೆ ಎಸೆದೆವು. ಸಂಜೆ ಹೊಲದಿಂದ ಹಸಿದು ಬಂದ ಒಂದು ಎಮ್ಮೆ ಅದಕ್ಕೆ ಬಾಯಿ ಹಾಕಿತು. ಹೊಟ್ಟೆ ತುಂಬಿದಾಗ ಮುಟ್ಟದ್ದನ್ನು ಹಸಿವು ಮುಟ್ಟಿಸುತ್ತದೆ. ಬೆಳಗಾಗುವುದರೊಳಗೆ ಎಮ್ಮೆ ಇರಲಿಲ್ಲ. ಪಶು ವೈದ್ಯರು ಬಂದು ಹೊಟ್ಟೆ ಬಗೆದು ನೋಡಿದಾಗ ಆ ಎಲೆಗಳೇ ಸಿಕ್ಕವು. ಸಂಘದಿಂದಲೇ ಸಾಲ ತೆಗೆದು ಕೊಂಡ ಎಮ್ಮೆ ಅದು. ಹಾಲು ನಿಂತಿತು, ಕಂತು ನಿಲ್ಲಲಿಲ್ಲ. ಆ ತಾಯಿ ನಮ್ಮ ಕಚೇರಿ ಕಟ್ಟೆಯ ಮೇಲೆ ಕುಂತು ಒಂದೇ ಮಾತು ಕೇಳಿದರು: "ನೀವ ಹಚ್ಚೀರಿ, ನೀವ ಕಡದೀರಿ, ನೀವ ಒಗದೀರಿ. ಸಾಲ ಮಾತ್ರ ನಂದು?"

ನಮ್ಮಲ್ಲಿ ಉತ್ತರ ಇರಲಿಲ್ಲ. ಬೇಲಿಗೆ ಬಳ್ಳಿ ಹಚ್ಚುವಾಗ ಕೈ ಎತ್ತಿದ ನಿರ್ದೇಶಕರೆಲ್ಲ ಸ್ವಂತ ಹಣ ಕೂಡಿಸಿ ಆ ಸಾಲ ತೀರಿಸಿದೆವು. ಸಂಘದ ಹಣ ಮುಟ್ಟಲಿಲ್ಲ. ಬಳ್ಳಿ ಕೀಳುವ ಠರಾವು ಅಂದೇ ಆಯಿತು.

ಕೀಳುವುದು ಹಚ್ಚಿದಷ್ಟು ಸಸಾರವಲ್ಲ. ಮೊದಲು ಕುಡಗೋಲಿನಿಂದ ಕಡಿದೆವು. ಒಂದು ಮಳೆ ಬಿತ್ತು, ಬುಡದಿಂದ ಹತ್ತು ಚಿಗುರು ಎದ್ದವು. ಆಮೇಲೆ ಹಾರಿ, ಸಲಿಕೆ ತಂದು ಬೇರಿನ ಗಡ್ಡೆಯನ್ನೇ ಎಬ್ಬಿಸಿದೆವು. ಉದುರಿದ ಬೀಜದಿಂದ ಹುಟ್ಟಿದ ಸಸಿಗಳನ್ನು ಎರಡು ಮಳೆಗಾಲ ಕೈಯಿಂದ ಕಿತ್ತೆವು. 2018ರ ನಂತರ ಗೋದಾಮಿನ ಹತ್ತಿರ ಒಂದೂ ಎದ್ದಿಲ್ಲ.

ನಿಮ್ಮ ಬೇಲಿಯಲ್ಲಿ, ಬಾವಿ ದಂಡೆಯಲ್ಲಿ ಇದು ಇದ್ದರೆ ಹೀಗೆ ಮಾಡ್ರಿ. ಕಾಯಿ ಹಸಿರಿರುವಾಗಲೇ ಹರಿದು ಚೀಲದಲ್ಲಿ ತುಂಬ್ರಿ. ಕೈಗೆ ಕೈಚೀಲ, ಮೈತುಂಬ ಅಂಗಿ, ಮೂಗು-ಬಾಯಿಗೆ ವಸ್ತ್ರ ಇರಲಿ. ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಹಾರಬಾರದು. ಒಣಗಿದ ಬಳ್ಳಿಯ ಧೂಳು ಮೂಗಿಗೆ ಹೋದರೆ ಕೆಮ್ಮು ಬಿಡುವುದಿಲ್ಲ. ಕಡಿದದ್ದನ್ನು ತಿಪ್ಪೆಗೆ, ಓಣಿಗೆ ಒಗೆಯಬೇಡ್ರಿ. ಆಳದ ಗುಂಡಿ ತೋಡಿ ಮಣ್ಣು ಮುಚ್ಚಿರಿ. ಕಣಗಿಲೆ ಒಣಗಿದರೂ ವಿಷ ಹೋಗುವುದಿಲ್ಲ, ಇದನ್ನೂ ಹಾಗೇ ತಿಳಿಯಬೇಕು. ಕಳೆನಾಶಕ ಹೊಡೆಯುವ ವಿಚಾರವಿದ್ದರೆ ಹಿಟ್ಟಿನಹಳ್ಳಿ ಫಾರ್ಮಿನ ಕೃಷಿ ವಿಜ್ಞಾನಿಗಳನ್ನು ಮೊದಲು ಕೇಳ್ರಿ. 2,4-ಡಿ ಯಂಥ ಔಷಧದ ಗಾಳಿ ತಾಗಿದರೂ ದ್ರಾಕ್ಷಿ ಎಲೆ ಮುರುಟುತ್ತದೆ. ದನ ತಿಂದಿದೆ ಅಂತ ಸಂಶಯ ಬಂದರೆ ಓಡಿಸಬೇಡ್ರಿ, ನೆರಳಿಗೆ ಕಟ್ಟಿ 1962ಕ್ಕೆ ಫೋನು ಮಾಡ್ರಿ, ಪಶು ಸಂಜೀವಿನಿ ಗಾಡಿ ಬರುತ್ತದೆ.

ಪ್ಯಾಟಿಯಲ್ಲಿ ದನಕರ, ಸಣ್ಣ ಮಕ್ಕಳು ಸುಳಿಯದ ಕಡೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಆದರೆ ಕಬ್ಬಿಣದ ಕಮಾನಿನ ಮೇಲೆ, ಮರಕ್ಕೆ ತಾಗದಂತೆ, ವರುಷಕ್ಕೆ ಎರಡು ಸಲ ಕತ್ತರಿ ಹಾಕಿ, ಒಂದು ಕಾಯಿಯೂ ಬಲಿಯಗೊಡದೆ. ಹಳ್ಳಿಯಲ್ಲಿ ಮಾತ್ರ ಬ್ಯಾಡ. ನಮಗೆ ಮಲ್ಲಿಗೆ ಇದೆ, ಶಂಖಪುಷ್ಪ ಇದೆ. ಶಂಖಪುಷ್ಪದ ಬಳ್ಳಿ ದನಕ್ಕೂ ಮೇವಾಗುತ್ತದೆ. ಈಗ ಗೋದಾಮಿನ ಬೇಲಿಗೆ ಅದೇ ಇದೆ.

ಬಂಧುಗಳೆ, ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ರೈತರಿಗೆ ಬಳ್ಳಿಯ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಒಂದು ಚಾಟ್ನಿ ತಪ್ಪಿದರೆ ಆ ವರುಷದ ಪೀಕೇ ತಪ್ಪಿತು ಅಂತ ನಮಗೆ ಗೊತ್ತು. ರೊಕ್ಕ ಕೊಡುವ ಬಳ್ಳಿಯನ್ನು ದಿನಾ ನೋಡಿದೆವು, ಚೆಂದದ ಬಳ್ಳಿಯನ್ನು ಐದು ವರುಷ ನೋಡಲಿಲ್ಲ. ತಪ್ಪಾದದ್ದು ಅಲ್ಲಿ. ಮುಂದಿನ ಇಪ್ಪತ್ತೈದು ವರುಷದಲ್ಲಿ ಸಂಘ ಏನೇ ಹೊಸದು ತರಲಿ, ಠರಾವಿಗೆ ಕೈ ಎತ್ತುವ ಮೊದಲು ಸದಸ್ಯರು ಒಂದು ಮಾತು ಕೇಳಬೇಕು: ಇದಕ್ಕೆ ಆಡು ಯಾಕೆ ಬಾಯಿ ಹಾಕೂದಿಲ್ಲ?